ಎರಡು ಬ್ರೇಕಿನ ಬಗ್ಗಿ

ಹಾಶಿಮ ಮೇಸ್ತ್ರಿ ಕಟ್ಟಿದ ರೇಸ್ ಬಗ್ಗಿಯಲ್ಲಿ ಬ್ರೇಕ್ ಪೆಡಲ್ ಎರಡಿದ್ದವು. ರೇಸಿನ ದಿನ ಬೆಳಿಗ್ಗೆಯಿಂದ ಅದೇ ದೊಡ್ಡ ತಮಾಷೆ. ಹೈದರಾಬಾದಿನವರು ಬಂದು ನೋಡಿ ನಕ್ಕರು, ಪುಣೆಯವರು ಬಂದು ನೋಡಿ ನಕ್ಕರು, ಒಬ್ಬನಂತೂ ಮಂಡಿಯೂರಿ ಕೂತು ಪೆಡಲ್‌ಗಳ ಫೋಟೋ ತೆಗೆದುಕೊಂಡು ಹೋದ. ಮೇಸ್ತ್ರಿ ಬೇಜಾರು ಮಾಡಿಕೊಳ್ಳಲಿಲ್ಲ. ಶಹಾಪುರದಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು. ಅವನ ಕೈಗೆ ಏನು ಕೊಟ್ಟರೂ ಅದು ಕೊನೆಗೆ ಸ್ವಲ್ಪ ಟ್ರ್ಯಾಕ್ಟರ್ ಆಗಿಯೇ ಹೊರಗೆ ಬರುತ್ತಿತ್ತು. ಹಳೆಯ ಜೀಪಿನ ಆಕ್ಸಲ್, ಗುಜರಿ ಕಾರಿನ ಎಂಜಿನ್, ಕಬ್ಬಿಣದ ಪೈಪಿನ ಪಂಜರ, ಎಲ್ಲ ಕೂಡಿಸಿ ಆರು ತಿಂಗಳಲ್ಲಿ ಬಗ್ಗಿ ನಿಲ್ಲಿಸಿದ್ದ. ಬ್ರೇಕ್ ಮಾತ್ರ ಟ್ರ್ಯಾಕ್ಟರಿನದು.

ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಇರುವುದು ಸುಮ್ಮನೆ ಅಲ್ಲ. ಒಂದು ಹಿಂದಿನ ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ. ರಸ್ತೆಯ ಮೇಲೆ ಎರಡನ್ನೂ ಒಂದು ಕೊಂಡಿ ಹಾಕಿ ಜೋಡಿಸಿರಬೇಕು, ಇಲ್ಲದಿದ್ದರೆ ಗಾಡಿ ಗಿರ್ರನೆ ತಿರುಗಿ ಮಗುಚುತ್ತದೆ. ಹೊಲಕ್ಕಿಳಿದಾಗ ಕೊಂಡಿ ಬಿಚ್ಚಬೇಕು. ಆಗ ಎಡ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಂತಲ್ಲೇ ಎಡಕ್ಕೆ ತಿರುಗುತ್ತದೆ. ಹೊಲದ ಬದು ಬಂದೊಡನೆ ಹಿಮ್ಮಡಿಯಿಂದ ಕೊಂಡಿ ಒದ್ದು ಬಿಚ್ಚುವುದು, ರಸ್ತೆ ಬಂದೊಡನೆ ಒದ್ದು ಹಾಕುವುದು ಇಲ್ಲಿಯ ಡ್ರೈವರುಗಳ ಕಾಲಿಗೆ ತಾನಾಗಿ ಬಂದ ವಿದ್ಯೆ. ಅದಕ್ಕೆ ತಲೆ ಬೇಕಾಗಿಲ್ಲ.

ದೋರನಹಳ್ಳಿಯ ಗುರುದೇವಿಯ ಕಾಲಿಗಂತೂ ಹತ್ತೊಂಬತ್ತು ವರ್ಷದ ರೂಢಿ. ಕಾಲುವೆಗೆ ನೀರು ಬಿಟ್ಟರೆಂದರೆ ಭತ್ತದ ಗದ್ದೆಗಳಲ್ಲಿ ಕೆಸರು ಹೊಡೆಯಲು ಅವಳ ಟ್ರ್ಯಾಕ್ಟರಿಗೆ ಜನ ಸರದಿ ಹಚ್ಚುತ್ತಿದ್ದರು. ಕೆಸರಿನಲ್ಲಿ ಅವಳ ಗಾಡಿ ಹೂತಿತೆಂದು ಯಾರೂ ಕೇಳಿಲ್ಲ. ಆದರೆ ಆ ಹತ್ತೊಂಬತ್ತು ವರ್ಷವೂ ಎಮ್ಮೆ ನಡೆಯುವ ವೇಗದಲ್ಲೇ ಕಳೆದಿತ್ತು. ಮೇಸ್ತ್ರಿಯ ಅಂಗಳದಲ್ಲಿ ಮೊದಲ ಸಲ ಬಗ್ಗಿಯನ್ನು ಮೂರನೇ ಗೇರಿಗೆ ಹಾಕಿದ ದಿನ ಅವಳು ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು. ಆ ಸೀಟು ಅವಳಿಗೆ ಬೇಕಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಹೊಟ್ಟೆ ಹಸಿದವರಿಗೆ ರೊಟ್ಟಿ ಬೇಕಾದಷ್ಟೇ ಬೇಕಿತ್ತು.

ಅದೇ ಸೀಟು ಬೇಕಾದ ಇನ್ನೊಬ್ಬನಿದ್ದ. ವಿಶ್ವರಾಧ್ಯ, ಶಹಾಪುರದ ಅಕ್ಕಿ ಗಿರಣಿಯವನು. ಎಂಜಿನ್, ಟೈರು, ಹೆಲ್ಮೆಟ್ಟು ಕೊಡಿಸಿದವನು ಅವನೇ. ಕೆಟ್ಟವನಲ್ಲ, ಅವಸರದವನು. ಯಾರು ಚೆನ್ನಾಗಿ ಓಡಿಸುತ್ತಾರೋ ಅವರೇ ವರ್ಷವಿಡೀ ಎಲ್ಲ ಊರಿನ ರೇಸುಗಳಲ್ಲೂ ಓಡಿಸಲಿ ಎಂದು ಅವನೇ ಒಪ್ಪಿದ್ದ. ಒಪ್ಪುವಾಗ ಅದು ತಾನೇ ಎಂಬ ಭರವಸೆಯೂ ಅವನಿಗಿತ್ತು. ಮೇಸ್ತ್ರಿ ಮಾತ್ರ ಮೊದಲ ರೇಸಿಗೆ ಗುರುದೇವಿಯನ್ನೇ ಕೂರಿಸಿದ.

ಯಾದಗಿರಿಯ ಮೋಟಾರ್ ಕ್ಲಬ್ಬಿನವರು ಶಹಾಪುರ–ಸುರಪುರ ರಸ್ತೆಯ ಪಕ್ಕ, ತೊಗರಿ ಕೊಯ್ದು ಖಾಲಿಯಾದ ಹೊಲದಲ್ಲಿ ಟ್ರ್ಯಾಕ್ ಮಾಡಿದ್ದರು. ಶಾರ್ಟ್ ಕೋರ್ಸ್ ರೇಸ್ ಅಂದರೆ ಕಾಡುಮೇಡು ಅಲೆಯುವುದಲ್ಲ. ಒಂದೂಕಾಲು ಕಿಲೋಮೀಟರಿನ ಸುತ್ತು. ಎಲ್ಲ ಗಾಡಿಗಳೂ ಒಟ್ಟಿಗೇ ಬಿಡುತ್ತವೆ, ದಿಬ್ಬಗಳ ಮೇಲೆ ಹಾರುತ್ತವೆ, ಒಂದರ ಮೈಗೊಂದು ಉಜ್ಜಿಕೊಂಡು ತಿರುಗುತ್ತವೆ. ಬೇವಿನ ಗಿಡದ ಕೆಳಗೆ ಕೂತವರಿಗೆ ಎಲ್ಲವೂ ಕಾಣುತ್ತದೆ. ಸುತ್ತಿನ ಅರ್ಧ ಗಟ್ಟಿ ಮಸಾರಿ ನೆಲ, ಕೆಂಪು ಗರಸು. ದೊಡ್ಡ ದಿಬ್ಬ ಇಳಿದ ಮೇಲೆ ಇನ್ನರ್ಧ ಕಪ್ಪು ಎರೆ ನೆಲ, ಅದರಲ್ಲೇ ಎಡಕ್ಕೆ ಇಕ್ಕಟ್ಟಾದ ಕೊನೆಯ ತಿರುವು.

ಬೆಳಗಿನ ಅರ್ಹತಾ ಸುತ್ತಿನಲ್ಲಿ ಗುರುದೇವಿ ಎರಡನೆಯವಳಾಗಿ ಓಡುತ್ತಿದ್ದಳು. ದೋರನಹಳ್ಳಿಯ ಜನ ಟಂಟಂ ಆಟೋ ಮೇಲೆ ಹತ್ತಿ ಸೀಟಿ ಹೊಡೆಯುತ್ತಿದ್ದರು. ದೊಡ್ಡ ದಿಬ್ಬದಿಂದ ಹಾರಿ ನೆಲ ಮುಟ್ಟಿದವಳು ಒಂದು ಪೆಡಲ್ ಒತ್ತಿದಳು, ಅಷ್ಟೇ. ಬಗ್ಗಿ ಬುಗುರಿ ಆಯಿತು. ಒಂದೂವರೆ ಸುತ್ತು ಗಿರಗಿರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಮೈಕಿನವನು, “ದೋರನಹಳ್ಳಿ ಗಾಡಿ ಊರಿಗಿ ವಾಪಸ್ ಹೊಂಟೈತ್ರಿ!” ಎಂದು ಕೂಗಿದ. ಹೊಲಕ್ಕೆ ಹೊಲವೇ ನಕ್ಕಿತು. ಹೇಗೋ ತಿರುಗಿಸಿಕೊಂಡು ನಾಲ್ಕನೆಯವಳಾಗಿ ಮುಗಿಸಿದಳು. ಎರಡು ಅರ್ಹತಾ ಸುತ್ತುಗಳಲ್ಲಿ ಪ್ರತಿಯೊಂದರ ಮೊದಲ ನಾಲ್ವರಿಗೆ ಫೈನಲ್ ಎಂಬ ನಿಯಮ ಅವಳನ್ನು ಉಳಿಸಿತು.

ಮೇಸ್ತ್ರಿ ಬಾಗಿ ಪೆಡಲ್‌ಗಳನ್ನು ನೋಡಿದ. ತಾನು ಹಾಕಿದ್ದ ಕೊಂಡಿ ಬಿಚ್ಚಿತ್ತು.

“ಯಾರ್ ಬಿಚ್ಚಿದ್ರು ಇದನ್ನ?” ಎಂದ.

ಗುರುದೇವಿಗೆ ಆಗ ಹೊಳೆಯಿತು. ರಸ್ತೆಯಿಂದ ಹೊಲಕ್ಕೆ ಬಗ್ಗಿಯನ್ನು ಇಳಿಸುವಾಗ ಬದು ಕಂಡಿತ್ತು. ಹಿಮ್ಮಡಿ ತನ್ನ ಕೆಲಸ ತಾನು ಮಾಡಿತ್ತು.

“ನನ್ನ ಕಾಲು, ಮೇಸ್ತ್ರಿ. ಹೊಲ ಕಾಣ್ತು, ಒದ್ದಬಿಡ್ತು.”

ವಿಶ್ವರಾಧ್ಯ ಅಷ್ಟರಲ್ಲಿ ಹೆಲ್ಮೆಟ್ ಕೈಗೆ ತೆಗೆದುಕೊಂಡಿದ್ದ. “ಸಾಕ್ ಬಿಡವಾ. ಫೈನಲ್ ನಾ ಓಡಸ್ತೀನಿ. ಇದು ಟ್ರ್ಯಾಕ್ಟರ್ ಅಲ್ಲ. ಇಡೀ ಜಿಲ್ಲಾ ನಗಾಕತ್ತೈತಿ.”

“ಒಂದ್ ತಪ್ಪಿಗಿ ಸೀಟ್ ಕಸಗೊಂತೀರೇನ್ರಿ ಸಾಹುಕಾರ್?” ಎಂದು ಮೇಸ್ತ್ರಿ ಅಡ್ಡ ನಿಂತ. “ತಿರುಗಿದ ಗಾಡಿ ಮತ್ತ ಸೀದಾ ಮಾಡಿ ನಾಕನೇ ನಂಬರ್ ತಂದಾಳ. ನಿಮ್ಮ ಕೈಲಿ ಆಗ್ತಿತ್ತಾ? ಖರೇ ಹೇಳ್ರಿ.”

ವಿಶ್ವರಾಧ್ಯ ಹೆಲ್ಮೆಟ್ಟನ್ನು ವಾಪಸ್ ಸೀಟಿನ ಮೇಲಿಟ್ಟ. “ಆತು. ಫೈನಲ್ ಓಡಿಸ್ಲಿ. ಗೆದ್ರ ಸೀಟ್ ಆಕಿದು, ನಾ ಕಮಕ್ ಕಿಮಕ್ ಅನ್ನಂಗಿಲ್ಲ. ಸೋತ್ರ ನಂದು. ಎರಡನೇ ನಂಬರ್ ಬಂದ್ರೂ ನಂದು.”

“ಆತ್ರಿ,” ಎಂದಳು ಗುರುದೇವಿ.

ಮೇಸ್ತ್ರಿ ಕೊಂಡಿ ಹಾಕಿ, ಅದರ ಮೇಲೆ ತಂತಿ ಸುತ್ತಿ ಬಿಗಿದ. ಇನ್ನು ಯಾವ ಹಿಮ್ಮಡಿಗೂ ಅದು ಬಗ್ಗುವಂತಿರಲಿಲ್ಲ.

ಮಧ್ಯಾಹ್ನ ಧೂಳು ಹೆಚ್ಚಿತು. ಧೂಳಿನಲ್ಲಿ ಗಾಡಿ ಕಾಣುವುದಿಲ್ಲವೆಂದು ಹೊರಗಿನಿಂದ ಬಂದಿದ್ದ ರೇಸ್ ಅಧಿಕಾರಿ ನೀರಿನ ಟ್ಯಾಂಕರ್ ಕರೆಸಿದ. ಮಸಾರಿಯ ಮೇಲೆ ನೀರು ಬಿದ್ದಾಗ ಗುರುದೇವಿ ಸುಮ್ಮನಿದ್ದಳು. ಟ್ಯಾಂಕರ್ ದಿಬ್ಬ ದಾಟಿ ಎರೆ ನೆಲದ ಕಡೆ ಹೊರಟಾಗ ಎದ್ದು ನಿಂತಳು. ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು: ಎರೆ ನೆಲ ತೋಯ್ದರೆ ಬರಿಗಾಲು ಇಟ್ಟರೂ ಸೇರು ಮಣ್ಣು ಮೇಲೆ ಬರುತ್ತದೆ.

ಅವಳು ಓಡಿಹೋಗಿ ಅಧಿಕಾರಿಗೆ ಹೇಳಿದಳು. “ಆ ಕಡಿ ನೀರ್ ಬಿಡಬ್ಯಾಡ್ರಿ ಸರ್, ರಾಡಿ ಆಗ್ತದ.”

ಅಧಿಕಾರಿ ಕೈಗಡಿಯಾರ ನೋಡಿ, “ಧೂಳು ಕೂರಬೇಕಲ್ಲಮ್ಮ, ಎರಡೇ ರೌಂಡು ನೀರು,” ಎಂದ. ಎರಡು ರೌಂಡಿಗೆ ಆ ತಿರುವು ಆಷಾಢದ ಗದ್ದೆಯಾಯಿತು.

ಹೇಳುವುದು ತನ್ನ ಧರ್ಮ, ಹೇಳಿದ್ದಾಯಿತು. ಗುರುದೇವಿ ವಾಪಸ್ ಬಂದು ಮೇಸ್ತ್ರಿಯ ಮುಂದೆ ಕೈ ಚಾಚಿದಳು.

“ಪಕ್ಕಡ ಕೊಡ್ರಿ. ತಂತಿ ಕತ್ತರಸ್ಬೇಕು.”

“ತಲಿ ಕೆಟ್ಟೈತೇನ್ ಬೇಟಿ? ಮುಂಜಾನಿ ಆಗಿದ್ದು ಸಾಲಿಲ್ಲಾ?”

“ಮುಂಜಾನಿ ನನಗ ಗೊತ್ತಿಲ್ದ ಬಿಚ್ಚಿದ್ದೆ. ಈಗ ಗೊತ್ತಿದ್ದು ಬಿಚ್ಚಾಕತ್ತೀನಿ.”

ಮೇಸ್ತ್ರಿ ಅವಳ ಮುಖ ನೋಡಿದ, ಆಮೇಲೆ ದೂರದ ಕಪ್ಪು ತಿರುವು ನೋಡಿದ. ಪಕ್ಕಡ ಕೊಟ್ಟ. ವಿಶ್ವರಾಧ್ಯನಿಗೆ ಇಬ್ಬರೂ ಏನೂ ಹೇಳಲಿಲ್ಲ.

ಫೈನಲ್‌ನಲ್ಲಿ ಎಂಟು ಗಾಡಿ, ಎಂಟು ಸುತ್ತು. ಹಸಿರು ಬಾವುಟ ಬಿದ್ದೊಡನೆ ಹೈದರಾಬಾದಿನ ಬಿಳಿ ಬಗ್ಗಿ ಮಸಾರಿಯ ಮೇಲೆ ಚಿಮ್ಮಿಕೊಂಡು ಹೋಯಿತು. ಗುರುದೇವಿ ಆರನೆಯವಳು. ದಿಬ್ಬ ಬಂತು, ಹಾರಿದಳು. ಗಾಳಿಯಲ್ಲಿದ್ದಾಗಲೇ ಎಡಪಾದವನ್ನು ಎರಡೂ ಪೆಡಲ್‌ಗಳ ಮೇಲೆ ಅಡ್ಡವಾಗಿ ಇಟ್ಟು ಕಾದಳು. ನೆಲ ಮುಟ್ಟಿದಾಗ ಎರಡನ್ನೂ ಸಮನಾಗಿ ಒತ್ತಿದಳು. ಬಗ್ಗಿ ಅತ್ತಿತ್ತ ಹೊರಳದೆ ನೆಟ್ಟಗೆ ಓಡಿತು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು, ಆದರೆ ಅಳಲು ಪುರುಸೊತ್ತಿರಲಿಲ್ಲ.

ಮುಂದೆ ರಾಡಿ. ಅಲ್ಲಿ ಐದು ಗಾಡಿಗಳು ಐದು ಥರ ಒದ್ದಾಡುತ್ತಿದ್ದವು. ಸ್ಟೀರಿಂಗ್ ಪೂರ್ತಿ ಎಡಕ್ಕಿದ್ದರೂ ಗಾಡಿ ಸೀದಾ ಜಾರುತ್ತಿತ್ತು. ಕೆಸರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದವರು ಅಲ್ಲೇ ಉಳಿದರು. ಹೆಚ್ಚು ಒತ್ತಿದವರು ಗಾಲಿ ತಿರುಗಿಸಿ ತಮ್ಮ ಗುಂಡಿ ತಾವೇ ತೋಡಿದರು. ಗುರುದೇವಿ ಬಲಗಾಲು ಅಲುಗಿಸಲಿಲ್ಲ. ಎಡಗಾಲಿನಿಂದ ಎಡ ಬ್ರೇಕನ್ನು ಮೆಲ್ಲಗೆ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬಗ್ಗಿ ಮೂತಿ ತಿರುಗಿಸಿಕೊಂಡು ಗದ್ದೆಯ ಮೂಲೆ ಸುತ್ತಿದ ಹಾಗೆ ಸುತ್ತಿ ಬಂತು. ಬಲ ಚಕ್ರ ಸುಮ್ಮನೆ ತಿರುಗತೊಡಗಿದರೆ ಬಲ ಬ್ರೇಕ್. ಆಗ ಎಂಜಿನ್ನಿನ ಜೋರೆಲ್ಲ ಎಡ ಚಕ್ರಕ್ಕೆ. ಹತ್ತೊಂಬತ್ತು ವರ್ಷ ಮಾಡಿದ್ದೇ ಅದು. ಮೊದಲ ಸುತ್ತಿನಲ್ಲೇ ಮೂವರನ್ನು ದಾಟಿದಳು.

ಮಸಾರಿಯ ಮೇಲೆ ಬಿಳಿ ಬಗ್ಗಿ ದೂರ ಓಡುತ್ತಿತ್ತು, ರಾಡಿಯಲ್ಲಿ ಇವಳು ಆ ದೂರವನ್ನು ನುಂಗುತ್ತಿದ್ದಳು. ನಾಲ್ಕನೇ ಸುತ್ತಿಗೆ ಎರಡನೆಯವಳಾದಳು. ಆರನೇ ಸುತ್ತಿಗೆ ಬಿಳಿ ಬಗ್ಗಿಯ ಸೈಲೆನ್ಸರಿನ ಬಿಸಿ ಮುಖಕ್ಕೆ ಹೊಡೆಯಿತು. ಮೈಕಿನವನ ಗಂಟಲು ಕಟ್ಟಿಹೋಗಿತ್ತು.

ಕೊನೆಯ ಸುತ್ತು. ಬಿಳಿ ಬಗ್ಗಿಯವನು ಜಾಣ; ಇಷ್ಟು ಹೊತ್ತಿಗೆ ತಿರುವಿನ ಒಳಗಿನ ಅಂಚು ಹಿಡಿಯುವುದನ್ನು ಕಲಿತಿದ್ದ. ದಿಬ್ಬದಿಂದ ಇಬ್ಬರೂ ಒಟ್ಟಿಗೇ ಹಾರಿದರು. ಅವನು ಒಳಗೆ, ಇವಳು ಹೊರಗೆ, ಅತಿ ಆಳದ ರಾಡಿಯಲ್ಲಿ. ಗುರುದೇವಿ ತಿರುವಿನ ಬಾಯಿಯವರೆಗೆ ಬ್ರೇಕ್ ಮುಟ್ಟಲೇ ಇಲ್ಲ. ಅಲ್ಲಿ ಎಡ ಪೆಡಲನ್ನು ಪೂರ್ತಿ ತುಳಿದಳು. ಬೆಳಿಗ್ಗೆ ಊರೆಲ್ಲ ನಗುವಂತೆ ಬುಗುರಿಯಾಗಿದ್ದ ಅದೇ ಬಗ್ಗಿ ಮತ್ತೆ ಗಿರ್ರನೆ ತಿರುಗಿತು. ಈ ಸಲ ಅರ್ಧ ಸುತ್ತಿಗೆ ಅವಳು ಪೆಡಲ್ ಬಿಟ್ಟಳು. ಮೂತಿ ಗುರಿಗೆರೆಗೆ ನೇರವಾಗಿ ನಿಂತಿತ್ತು. ಬಿಳಿ ಬಗ್ಗಿ ಮೆಲ್ಲಗೆ ಜಾರುತ್ತ ತಿರುವು ಮುಗಿಸುವಷ್ಟರಲ್ಲಿ ಅವಳು ಅದರ ಮುಂದಿನಿಂದ ಹಾದು, ಮಸಾರಿಗೆ ಹತ್ತಿ, ಗಾಡಿಯುದ್ದದ ಅಂತರದಲ್ಲಿ ಗೆರೆ ದಾಟಿದಳು.

ಆಮೇಲೆ ಎದ್ದ ಗದ್ದಲ ಸುರಪುರದವರೆಗೂ ಕೇಳಿಸಿರಬೇಕು. ಹಾಶಿಮ ಮೇಸ್ತ್ರಿ ಎಪ್ಪತ್ತರ ವಯಸ್ಸು ಮರೆತು ಟೈರಿನ ರಾಶಿ ಹತ್ತಿ ನಿಂತಿದ್ದ. ಪೆಡಲ್ ಫೋಟೋ ತೆಗೆದವನು ಓಡಿಬಂದು ಮತ್ತೆ ಫೋಟೋ ತೆಗೆದ. ಈ ಸಲ ನಗಲಿಲ್ಲ. ಎಲ್ಲರಿಗಿಂತ ಮುಂದೆ ಓಡಿದವನು ವಿಶ್ವರಾಧ್ಯ, ಅದೂ ಅಡ್ಡದಾರಿ ಹಿಡಿದು ರಾಡಿಯ ಮೂಲಕ. ಹೊಸ ಚಪ್ಪಲಿ ಎರಡೂ ಎರೆ ನೆಲದಲ್ಲೇ ಉಳಿದವು. ಬರಿಗಾಲಿನಲ್ಲಿ, ಮೊಳಕಾಲಿನವರೆಗೆ ಕಪ್ಪಾಗಿ ಬಂದು ಪಂಜರ ಹಿಡಿದು ನಿಂತ. ಆಗ ಬಿಚ್ಚಿದ ಕೊಂಡಿ ಅವನ ಕಣ್ಣಿಗೆ ಬಿತ್ತು.

“ಇದನ್ನ... ಬೇಕಂತನ ಬಿಚ್ಚೀಯೇನವಾ?”

“ಹೌದ್ರಿ.”

ವಿಶ್ವರಾಧ್ಯ ದೊಡ್ಡದಾಗಿ ನಕ್ಕ. “ಸೀಟ್ ನಿಂದು. ಮಾತಂದ್ರ ಮಾತು. ನನಗೂ ಒಮ್ಮಿ ಕಲಸ್ತೀಯೇನು?”

“ಕಾಲುವಿಗಿ ನೀರ್ ಬಿಟ್ಟಾಗ ದೋರನಹಳ್ಳಿಗಿ ಬರ್ರಿ ಸಾಹುಕಾರ್. ಗದ್ದ್ಯಾಗ ಟ್ರ್ಯಾಕ್ಟರ್ ಮ್ಯಾಲ ಕೂಡಸ್ತೀನಿ. ಚಪ್ಪಲಿ ಮನ್ಯಾಗ ಬಿಟ್ಟು ಬರ್ರಿ ಮತ್ತ.”

ಸಂಜೆ ಗೆದ್ದ ಟ್ರೋಫಿಯನ್ನು ಮೇಸ್ತ್ರಿಯ ತೊಡೆಯ ಮೇಲಿಟ್ಟು ಟಂಟಂ ಮುಂದೆ ಹೊರಟಿತು. ಹಿಂದೆ ಗುರುದೇವಿಯ ಬಗ್ಗಿ, ಅದರ ಹಿಂದೆ ಕೇಕೆ ಹಾಕುತ್ತ ಅರ್ಧ ತಾಲೂಕು. ಹೊಲದ ಬದು ಬಂತು. ಮುಂದಿನ ಗಾಲಿ ಡಾಂಬರು ಮುಟ್ಟಿದ್ದೇ ತಡ, ಅವಳ ಹಿಮ್ಮಡಿ ಯಾರನ್ನೂ ಕೇಳದೆ ಕೊಂಡಿಯನ್ನು ಒದ್ದು ಹಾಕಿತು. ಅವಳು ಕಾಲಿನ ಕಡೆ ನೋಡಿ ನಕ್ಕು, ಮೂರನೇ ಗೇರಿಗೆ ಹಾಕಿದಳು.