ಭಾವನ ಮೀನಿನ ಜಾಗ

ಫೆಬ್ರುವರಿ ಕೊನೆಯ ಒಂದು ಸಂಜೆ ಪೊವೆಲ್ ಜಲಾಶಯದ ದೋಣಿಕಟ್ಟೆಯಲ್ಲಿ ಅಕ್ಕನ ಗಂಡ ವರ್ಲ್ ಎದುರಾದಾಗ, ಆರಿನ್ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ದೋಣಿಯೊಳಗಿನ ನೀರಿನ ತೊಟ್ಟಿಯನ್ನು. ಅದರಲ್ಲಿ ಐದು ದಪ್ಪ ಸ್ಮಾಲ್‌ಮೌತ್ ಬಾಸ್ ಮೀನುಗಳಿದ್ದವು. ಮರುದಿನ ಕ್ಲಬ್ಬಿನ ಮೀನು ಹಿಡಿಯುವ ಸ್ಪರ್ಧೆ. ಆರು ವರ್ಷದಿಂದ ಗೆಲ್ಲುತ್ತ ಬಂದ ಭಾವನನ್ನು ಈ ಸಲವಾದರೂ ಸೋಲಿಸಬೇಕೆಂಬುದು ಆರಿನ್‌ನ ಹಟ.

“ಎಲ್ಲಿ ಸಿಕ್ಕಿದ್ವು ಭಾವ?”

“ಇಲ್ಲೇ, ಮರಳುದಂಡೆ ಪಕ್ಕ. ಮೊಣಕಾಲುದ್ದ ನೀರಲ್ಲಿ ಬಿಸಿಲು ಕಾಯ್ಕೊಂಡು ಬಿದ್ದಿದ್ವು.”

ಆದರೆ ಮೀನುಗಳು ಹೊಟ್ಟೆ ಉಬ್ಬಿಸಿಕೊಂಡು ಮಗ್ಗುಲಾಗಿ ತೇಲುತ್ತಿದ್ದವು. ಆಳದಿಂದ ಸರ್ರನೆ ಎಳೆದ ಮೀನಿಗೆ ಮಾತ್ರ ಹಾಗಾಗುತ್ತದೆ. ಆರಿನ್ ಅವುಗಳ ಹೊಟ್ಟೆಯ ಗಾಳಿ ತೆಗೆಯುವ ಸೂಜಿಯನ್ನು ಜೇಬಿನಿಂದ ತೆಗೆದು ಚಾಚಿದ.

“ತಗೊಳ್ಳಿ ಭಾವ. ಪಾಪ, ಮೊಣಕಾಲುದ್ದ ನೀರಿಗೇ ಹೀಗೆ ಉಬ್ಬಿಬಿಟ್ಟಿದಾವೆ.”

ವರ್ಲ್ ನಕ್ಕುಬಿಟ್ಟ. “ಆಯ್ತು ಮಾರಾಯ. ಸೀಳುಬಂಡೆ ಬುಡ, ನಲವತ್ತಡಿ ಆಳ. ಸಾಕಾ?”

ನಲವತ್ತಡಿಯನ್ನು ಆರಿನ್ ನಂಬಿದ. ಸೀಳುಬಂಡೆಯನ್ನು ನಂಬಲಿಲ್ಲ, ಈ ಮನುಷ್ಯ ಇಷ್ಟು ಸಲೀಸಾಗಿ ಜಾಗ ಬಿಟ್ಟುಕೊಡುತ್ತಾನೆಯೇ? ಮರುದಿನ ಎದುರು ದಂಡೆಯ ಆಳ ನೀರಿಗೆ ಗಾಳ ಇಳಿಸಿ ಮಧ್ಯಾಹ್ನದವರೆಗೂ ಬರಿಗೈಯಲ್ಲಿ ಕೂತ. ಅಲ್ಲಿಂದ ಸೀಳುಬಂಡೆ ಚೆನ್ನಾಗಿ ಕಾಣುತ್ತಿತ್ತು. ಅದರ ಬುಡದಲ್ಲಿ ಒಂದಾದ ಮೇಲೊಂದು ಮೀನೆಳೆಯುತ್ತಿದ್ದ ವರ್ಲ್ ಕೂಡ.