ಕೂದಲು ಮರಳಿ ತಲೆಗೇರುವ ಪುಸ್ತಕ

೭.

ಎಲ್ಲಿಂದ ಶುರು ಮಾಡಲಿ? ಸಲೂನಿನ ಶಟರ್ ಎತ್ತುವುದರಿಂದಲೋ, ಇಳಿಸುವುದರಿಂದಲೋ? ಈ ಕಥೆಯ ತಕರಾರೇ ಅದು. ಸದ್ಯಕ್ಕೆ ಅಂಕಿಗಳನ್ನು ತಲೆಕೆಳಗು ಮಾಡಿದ್ದೇನೆ. (ಅಚ್ಚಿನ ತಪ್ಪಲ್ಲ, ಸಂಪಾದಕರಿಗೆ ಫೋನ್ ಮಾಡಬೇಡಿ.)

೬.

ಅವಳನ್ನು ಅಭಿಮಾನಿ ಎನ್ನೋಣ. ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುತ್ತಾಳೆ. ವಾರಕ್ಕೊಮ್ಮೆ ಪತ್ರಿಕೆಗೆ ಕಾಮಿಕ್ಸ್ ವಿಮರ್ಶೆ ಬರೆಯುತ್ತಾಳೆ. ವಿಮರ್ಶೆ ಎಂಬುದು ಸಂಪಾದಕರ ಮಾತು. ನಿಜಕ್ಕೂ ಅದು ಕುಣಿತ. ಲಿಫ್ಟ್ ಮೆಕ್ಯಾನಿಕ್ಕನೊಬ್ಬನ ಮಂಗಾ (ಜಪಾನಿ ಕಾಮಿಕ್ಸ್) ಬಗ್ಗೆ: "ಎರಡು ಮಹಡಿಗಳ ನಡುವೆ ಅತ್ತೆ ಸೊಸೆ ಸಿಕ್ಕಿಕೊಂಡಿದ್ದಾರೆ, ಇಡೀ ಸಂಪುಟ! ಉಸಿರಾಡುವುದನ್ನೇ ಮರೆತೆ!" ಇನ್ನೊಂದು ಗ್ರಾಫಿಕ್ ಕಾದಂಬರಿಗೆ: "ಮಳೆಯನ್ನು ಬರೀ ಛತ್ರಿಗಳಲ್ಲೇ ತೋರಿಸಿದ್ದಾರೆ. ಒಂದು ಹನಿಯೂ ಇಲ್ಲ. ನಾನು ಮಾತ್ರ ತೊಯ್ದು ತೊಪ್ಪೆ!"

ಮಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕಗಳಲ್ಲಿ ಹಿಂದಿನ ರಟ್ಟು ಎನ್ನುವುದೇ ಅದರ ಮುಖಪುಟ. ಅದನ್ನೇ ಓದಿ ಓದಿ ಅವಳ ಕೈ ಈಗ ಎಲ್ಲವನ್ನೂ ಹಿಂದಿನಿಂದಲೇ ಬಿಡಿಸುತ್ತದೆ, ಮದುವೆ ಕಾಗದವನ್ನೂ.

೫.

ಈ ವಾರ ಕೈಗೆ ಬಂದದ್ದು ಹೊಸ ಚಿತ್ರಗಾರ್ತಿಯೊಬ್ಬಳ ಮೊದಲ ಪುಸ್ತಕ. ಮಾತಿಲ್ಲ, ಬರೀ ಚಿತ್ರ. ಎರಡೂ ರಟ್ಟಿನ ಮೇಲೆ ಒಂದೇ ಬಾಚಣಿಗೆ. ಅಭಿಮಾನಿ ಬರೆದಳು:

"ಅಬ್ಬಬ್ಬಾ! ಇಳಿಸಿದ ಶಟರ್. ಅದು ಮೇಲೇಳುತ್ತದೆ. ಕ್ಷೌರಿಕ ನೆಲದ ಕೂದಲನ್ನು ಎತ್ತಿ ಎತ್ತಿ ಗಿರಾಕಿಗಳ ತಲೆಗೆ ಅಂಟಿಸುತ್ತಾನೆ. ಬೋಳುತಲೆಯವರು ಬಂದು ಕ್ರಾಪು ಹಾರಿಸುತ್ತಾ ಹೋಗುತ್ತಾರೆ. ಕೊನೆಗೆ ಅವನೇ ಹುಡುಗನಾಗಿ ಕನ್ನಡಿ ಒರೆಸುತ್ತಾನೆ. ಇಂಥ ಕಲ್ಪನೆ ಈ ವರ್ಷ ಇನ್ನೊಂದಿಲ್ಲ!"

೪.

ವಿಮರ್ಶೆಯನ್ನು ಮೊದಲು ಓದುವುದು ಅವಳ ಚಿಕ್ಕಪ್ಪ; ಕಾಮಿಕ್ಸ್ ಅಂಗಡಿಯ ಮಾಲೀಕ.

"ಲೇ ಮಗಳೇ, ಇದು ಮಂಗಾ ಅಲ್ಲ ಕಣೇ. ಎಡಗಡೆಯಿಂದ ಓದ್ಬೇಕು."

"ಏನಂದ್ರಿ?"

"ಆಯಪ್ಪ ಕೂದ್ಲು ಅಂಟಿಸ್ತಿಲ್ಲ. ಕತ್ತರಿಸ್ತಿದಾನೆ. ಎಲ್ರೂ ಮಾಡೋ ಹಾಗೆ."

ಅಭಿಮಾನಿ ಪುಟ ತಿರುವಿದಳು. ಹುಡುಗ ಮುದುಕನಾದ. ಶಟರ್ ಬಿತ್ತು.

"ಅಯ್ಯೋ, ಚಿಕ್ಕಪ್ಪಾ..."

"ಊರಿಗೆಲ್ಲ ಕನ್ನಡಕ ಕೊಡ್ತೀಯ, ನೀನೊಂದು ಹಾಕ್ಕೋ."

(ನಿಮಗಷ್ಟೇ ಹೇಳುತ್ತೇನೆ, ಅವಳಿಗಿನ್ನೂ ಗೊತ್ತಿಲ್ಲ: ಆ ಸಲೂನು ಚಿತ್ರಗಾರ್ತಿಯ ಅಪ್ಪನದು. ಮೊನ್ನೆ ಮೊನ್ನೆ ಮುಚ್ಚಿತು. ಕೊನೆಯ ಪುಟದಲ್ಲಿ ಏನಿದೆಯೆಂದು ಬಲ್ಲ ಅಪ್ಪ ಮಗಳ ಪುಸ್ತಕವನ್ನು ಇದುವರೆಗೆ ಮುಟ್ಟಿಲ್ಲ.)

೩.

ಇಲ್ಲಿ ಮೂರು ಕರಡು ಹರಿದೆ. ಒಂದರಲ್ಲಿ ಅಭಿಮಾನಿ ತಪ್ಪನ್ನು ಮುಚ್ಚಿಟ್ಟು ಪ್ರಶಸ್ತಿ ಪಡೆಯುತ್ತಾಳೆ, ಅಗ್ಗದ ವ್ಯಂಗ್ಯ. ಇನ್ನೊಂದರಲ್ಲಿ ಅಳುತ್ತಾಳೆ. ಮೂರನೆಯದರಲ್ಲಿ ನಾನು ಅಳುತ್ತೇನೆ. ಬೇಡ.

"ಚಿತ್ರಗಾರ್ತಿಗೆ ನಿಜ ಹೇಳು," ಎಂದೆ ಅವಳಿಗೆ.

"ತಪ್ಪು ಮಾಡಿಸಿದ್ದು ನೀವು, ಕ್ಷಮೆ ಕೇಳೋಕೆ ನಾನಾ? ಚೆನ್ನಾಗಿದೆ ರೀ ನಿಮ್ಮ ನ್ಯಾಯ!"

"ಹಾಗಾದ್ರೆ ವಿಮರ್ಶೆ ಬದಲಾಯಿಸು."

"ಆಗಲ್ಲ. ನಂಗಾದ ಖುಷಿ ಸುಳ್ಳಲ್ಲವಲ್ಲ?"

ಚಿತ್ರಗಾರ್ತಿಯನ್ನು ಚಿಕ್ಕಪ್ಪನ ಅಂಗಡಿಯೊಳಕ್ಕೆ ಕರೆತಂದೆ. (ಕಥೆಗಾರನಿಗೆ ಉತ್ತರ ತೋಚದಿದ್ದಾಗ ಯಾರಾದರೂ ಬಾಗಿಲು ತಳ್ಳಿ ಬರುತ್ತಾರೆ. ಹಳೆಯ ಉಪಾಯ.)

೨.

ಅಭಿಮಾನಿ ಒಂದೇ ಉಸಿರಿಗೆ ಹೇಳಿಬಿಟ್ಟಳು: "ನಿಮ್ಮ ಪುಸ್ತಕ ಉಲ್ಟಾ ಓದ್ಬಿಟ್ಟೆ ಕಣ್ರೀ. ತುಂಬಾ ಅಂದ್ರೆ ತುಂಬಾ ಇಷ್ಟ ಆಯ್ತು. ಬೈಯಿರಿ."

ಚಿತ್ರಗಾರ್ತಿ ಬೈಯಲಿಲ್ಲ. ತಾನೇ ಬರೆದದ್ದನ್ನು ಹಿಂದಿನಿಂದ ಬಿಡಿಸಿ, ನಿಂತೇ ನೋಡಿದಳು.

"ಅಪ್ಪ ಶಟರ್ ಎತ್ತುತ್ತಿದಾರೆ," ಎಂದಳು.

"ನಿಮ್ಮಪ್ಪನಾ?"

"ಹ್ಞೂಂ. ಈ ಪುಸ್ತಕ ಕಂಡ್ರೆ ಮುಖ ತಿರುಗಿಸ್ತಾರೆ." ಇನ್ನೆರಡು ಪುಟ ತಿರುವಿದಳು. ನಕ್ಕಳು. "ಜಾಸ್ತಿ ಕತ್ತರಿಸಿದ್ರಿ ಅಂತ ತಕರಾರು ತೆಗೀತಿದ್ದ ಮೇಷ್ಟ್ರಿಗೆ ಕೂದ್ಲು ವಾಪಸ್ ಕೊಟ್ಬಿಟ್ರು ನೋಡಿ!"

ವಿಮರ್ಶೆ ಹಾಗೆಯೇ ಹೋಯಿತು, ಒಂದು ಸಾಲು ಸೇರಿಕೊಂಡು: "ನಾನಿದನ್ನು ತಪ್ಪು ಕಡೆಯಿಂದ ಓದಿದೆ. ನೀವೂ ಓದಿ, ಆಮೇಲೆ ಸರಿ ಕಡೆಯಿಂದಲೂ ಓದಿ."

೧.

ಮುಗಿಸು ಎನ್ನುತ್ತೀರಿ. ಅಪ್ಪ ಪುಸ್ತಕ ನೋಡಿ ನಗುವ ಅಂತ್ಯವಿದೆ. "ಕತ್ತರಿ ಹಿಡಿಯೋದು ಹೀಗಾ?" ಎಂದು ಮಗಳನ್ನು ಗದರುವ ಅಂತ್ಯವೂ ಇದೆ, ನನಗೆ ಅದರ ಮೇಲೇ ಕಣ್ಣು. ಅಭಿಮಾನಿಗೆ ಎರಡೂ ಬೇಕಂತೆ, ಪಕ್ಕಪಕ್ಕದ ಚೌಕದಲ್ಲಿ.

ಒಂದನ್ನೂ ಕೊಡುವುದಿಲ್ಲ. ಮಗಳು ಮನೆಗೆ ಬಂದಿದ್ದಾಳೆ. ಪುಸ್ತಕವನ್ನು ಹಿಂದಿನ ರಟ್ಟು ಮೇಲೆ ಬರುವಂತೆ ಬೋರಲು ಹಾಕಿ ಅಪ್ಪನ ಮುಂದಿಟ್ಟು ಒಳಗೆ ಹೋಗಿದ್ದಾಳೆ. ರಟ್ಟಿನ ಮೇಲಿನ ಬಾಚಣಿಗೆ ಕಂಡು ಅಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ, ಗಿರಾಕಿ ಕುರ್ಚಿಗೆ ಬಂದು ಕೂತಾಗ ಒರೆಸಿಕೊಳ್ಳುತ್ತಿದ್ದ ಹಾಗೆ.