ಹಸಿರು ರಿಬ್ಬನ್

ಕೆರೆಯ ಏರಿಯನ್ನು ರಸ್ತೆ ಅಂದುಕೊಳ್ಳುವುದು ಚೆನ್ನೈಯವರಿಗೆ ಮಾತ್ರ ಸಾಧ್ಯ. ಇಲ್ಲಿ ಎಷ್ಟೋ ಕೆರೆ ಮುಚ್ಚಿಹೋಗಿ, ಏರಿಯ ಮೇಲೆ ಬಸ್ಸು ಓಡಾಡುತ್ತದೆ. ಹಾಗಾಗಿ ನಮ್ಮ ಶಂಕರನಾರಾಯಣ ಸಾರ್, ಬೇಸಿಗೆಯಲ್ಲಿ ತೆಗೆದ ಉಪಗ್ರಹದ ಚಿತ್ರದಲ್ಲಿ ಒಣ ಬಯಲಿನ ಅಂಚಿಗೆ ಎತ್ತರವಾಗಿ ಬಿದ್ದಿದ್ದ ಮಣ್ಣಿನ ಸಾಲನ್ನು ಕಂಡು, ರಸ್ತೆ ಸಿಕ್ಕೇಬಿಟ್ಟಿತು ಎಂದು ಅದರ ಮೇಲೆಯೇ ಗೆರೆ ಎಳೆದುಬಿಟ್ಟರು.

ನಮ್ಮ ಆಫೀಸು ಚೆನ್ನೈಯ ಪೆರುಂಗುಡಿಯಲ್ಲಿದೆ. ಒಡಿಶಾದ ಒಳನಾಡಿನಲ್ಲಿ ಒಂದು ಕಂಪನಿ ನೆಲ ಕೊರೆದು ಕಲ್ಲಿದ್ದಲು ಹುಡುಕುತ್ತದೆ. ಕೊರೆಯುವ ಲಾರಿ ಅಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕು, ಕೆಲಸ ಮುಗಿದ ಮೇಲೆ ಆ ನೆಲವನ್ನು ಮೊದಲಿನಂತೆ ಹೇಗೆ ಮಾಡಿಕೊಡಬೇಕು ಎಂದು ಯೋಜನೆ ಹಾಕುವವರು ನಾವು. ದಾರಿ ಸಾರ್ ಅವರದು, ಮೊದಲಿನಂತೆ ಮಾಡುವುದು ನನ್ನದು. ಸೈಟಿನಲ್ಲಿ ಅದಕ್ಕೊಂದು ಪದ್ಧತಿಯಿದೆ. ದಾರಿಯ ಗೂಟಗಳಿಗೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಇಲ್ಲಿ ಅಗೆದರೆ ಮತ್ತೆ ಸರಿಮಾಡಬಹುದು ಎಂದು ನಾನು ಒಪ್ಪಿದರೆ ಮಾತ್ರ ಪಕ್ಕದಲ್ಲಿ ಹಸಿರು ಕಟ್ಟುತ್ತಾರೆ. ಎರಡೂ ಇಲ್ಲದ ಕಡೆ ಡೋಜರ್ ಹೋಗುವಂತಿಲ್ಲ. ಈ ಪದ್ಧತಿ ತಂದವರೂ ಸಾರ್ ಅವರೇ. ಇಲ್ಲ ಅನ್ನಬಾರದು.

ನವೆಂಬರಿನ ಒಂದು ಮಧ್ಯಾಹ್ನ ಸೈಟಿನಿಂದ ಸರ್ವೇಯರ್ ಅಂದಾನಿ ಫೋನ್ ಮಾಡಿದರು. ಗದಗದ ಕಡೆಯವರು, ಸುಮ್ಮಸುಮ್ಮನೆ ಫೋನ್ ಮಾಡುವವರಲ್ಲ.

“ಮೇಡಮ್ಮಾರ, ಇದು ರಸ್ತಾ ಅಲ್ರೀ, ಕೆರಿ ಏರಿ ಐತಿ. ನೀರು ತುಂಬಿ ನಿಂತೈತಿ. ಡೋಜರ್ ಇದರ ನೆತ್ತಿ ಕೆತ್ತಿ, ಮ್ಯಾಲೆ ಆ ಲಾರಿ ಹತ್ತಿತಂದ್ರ ಏರಿ ಉಳಿಯಂಗಿಲ್ಲ. ಕೆಳಗ ಊರಾಗಿನ ಮಂದಿ ಗದ್ದಿ ಅದಾವು. ಕೆಂಪು ಕಟ್ಟೀನಿ. ಹಸಿರು ಕಟ್ಲೇನ್ರಿ?”

“ಬೇಡ, ಕಟ್ಟಬೇಡಿ,” ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಸಾರ್ ಕ್ಯಾಬಿನ್ನಿಗೆ ನುಗ್ಗಿದರೆ ಅವರು ಕೊಡೆ ಹುಡುಕುತ್ತಿದ್ದರು. ರಾತ್ರಿಯಿಡೀ ಜೋರು ಮಳೆ ಎಂದು ಹವಾಮಾನದವರು ಹೇಳಿದ್ದರು. ಇಂಥ ಸುದ್ದಿ ಬಂದರೆ ತಗ್ಗಿನ ಬಡಾವಣೆ ವೇಲಚೇರಿಯವರು ಮೊದಲು ಮಾಡುವ ಕೆಲಸ, ಕಾರನ್ನು ತೆಗೆದುಕೊಂಡು ಹೋಗಿ ಫ್ಲೈಓವರಿನ ಮೇಲೆ ನಿಲ್ಲಿಸುವುದು. ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ನಿನೊಳಗೆ ನೀರು.

“ನೀನೂ ವೇಲಚೇರಿ ತಾನೆ, ಬಾಮ್ಮಾ, ಕಾರಲ್ಲೇ ಪೇಸೋಣ,” ಅಂದರು. ಅವರ ತಾತ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಮದರಾಸಿಗೆ ಬಂದವರು. ಮನೆಯಲ್ಲಿ ಕನ್ನಡವಿದೆ, ತಮಿಳು ಅದರೊಳಗೆ ಕಾಲು ಚಾಚಿ ಮಲಗಿದೆ; ಮಾತಾಡುವುದು ಅವರಿಗೆ ‘ಪೇಸುವುದು’.

ಕಾರಿನಲ್ಲಿ ಎಲ್ಲ ಹೇಳಿದೆ. ಅವರಿಗೆ ಬಿಸಿಯೇ ತಟ್ಟಲಿಲ್ಲ.

“ಟೆಂಪರರಿ ರೋಡಮ್ಮಾ ಅದು. ಮುಗಿದ್ಮೇಲೆ ಮಣ್ಣು ಹಾಕಿ ಹುಲ್ಲು ನೆಟ್ಟು ಕೊಟ್ಬಿಡೋದು. ಅದಕ್ಕೇ ತಾನೆ ನೀನಿರೋದು?”

“ಏರಿ ಅಂದ್ರೆ ಮಣ್ಣಿನ ಗುಡ್ಡೆ ಅಲ್ಲ ಸಾರ್. ಎಷ್ಟು ತಲೆಮಾರು ತುಳಿದು ಕೂರಿಸಿದ್ದಾರೋ. ಕೆತ್ತಿ ಮತ್ತೆ ಸುರಿದ್ರೆ ನಿಲ್ಲಲ್ಲ. ಅಷ್ಟೊತ್ತಿಗೆ ನೀರೂ ಹೋಗಿರುತ್ತೆ. ಹೋದ ನೀರನ್ನ ನಾನು ಯಾವ ಪ್ಲಾನಲ್ಲಿ ವಾಪಸ್ ತರ್ಲಿ?”

“ಗುಡ್ಡ ಸುತ್ತಿ ಹೋದ್ರೆ ದೂರ. ಕ್ಲೈಂಟ್ ಒಪ್ಪಲ್ಲ. ಪರವಾಯಿಲ್ಲ, ಹಸಿರು ಕಟ್ಟೋಕೆ ಹೇಳು.”

ಫ್ಲೈಓವರಿನ ಎರಡೂ ಅಂಚಿಗೆ ಆಗಲೇ ಕಾರುಗಳ ಸಾಲು. ಸಾರ್ ಹಿಂದೆಮುಂದೆ ಮಾಡಿ ಒಂದು ಸಂದು ಹಿಡಿದರು. ಇಳಿದು, ಮಗುವಿನ ತಲೆ ಸವರುವ ಹಾಗೆ ಬಾನೆಟ್ ಸವರಿದರು. ಕೆಳಗೆ ನಮ್ಮಿಬ್ಬರ ಬೀದಿಗಳೂ ಕಾಣುತ್ತಿದ್ದವು. ಅಷ್ಟರಲ್ಲಿ ಮತ್ತೆ ಅಂದಾನಿಯ ಫೋನ್. ಡೋಜರ್ ಬಂದು ನಿಂತಿದೆಯಂತೆ. ಸಾರ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದರು.

“ಅಂದಾನಿ, ಹಸಿರು ಕಟ್ಟು. ನಾನು ಹೇಳ್ತಿದೀನಿ.”

“ಹಸಿರು ಮೇಡಮ್ಮಾರ್ದು ಅಲ್ರೀ ಸಾಹೇಬ್ರ? ನೀವಽ ಮಾಡಿದ ರೂಲು.”

ಸಾರ್ ಮುಖ ಕೆಂಪಾಯಿತು. ಫೋನನ್ನು ನನ್ನ ಕಡೆ ಚಾಚಿದರು. “ಹೇಳು. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ.”

ಹೆದರಲಿಲ್ಲ ಅಂದರೆ ಸುಳ್ಳಾದೀತು. ಮನೆಯ ಬಾಡಿಗೆ, ಮಗಳ ಸ್ಕೂಲು ಎಲ್ಲ ಕಣ್ಣ ಮುಂದೆ ಬಂದವು. ಆದರೆ ಎದುರಿಗೆ ಆ ಕಾರು ನಿಂತಿತ್ತು. ಅದನ್ನು ನೋಡಿದಷ್ಟೂ ಸಿಟ್ಟು ನೆತ್ತಿಗೇರಿತು.

“ನಿಮ್ಮ ಕಾರು ಇಲ್ಲಿ ಯಾಕೆ ನಿಂತಿದೆ ಸಾರ್?”

“ಏನದು ಕೇಳ್ವಿ?”

“ನೀವೂ ನಾನೂ ಮಲಗೋದು ಮುಚ್ಚಿದ ಕೆರೆ ಅಂಗಳದಲ್ಲಿ. ಯಾರೋ ನಮ್ಮಂಥವರೇ ಆಫೀಸಲ್ಲಿ ಕೂತು ಗೆರೆ ಎಳೆದ್ರು, ಮಳೆ ಬಂದಾಗೆಲ್ಲ ನಾವು ಹೀಗೆ ಓಡಿಬರ್ತೀವಿ. ಆ ಊರಿನವರು ಎಲ್ಲಿಗೆ ಓಡ್ತಾರೆ? ಅಲ್ಲಿ ಫ್ಲೈಓವರ್ ಇಲ್ಲ ಸಾರ್.”

ಅವರು ಚಾಚಿದ ಫೋನನ್ನು ತೆಗೆದುಕೊಂಡೆ. ನಾನು ಫೋನಿಗೆ ಹೇಳಿದೆ, “ಅಂದಾನಿಯವರೇ, ಏರಿ ಮೇಲಿನ ಕೆಂಪೂ ಬಿಚ್ಚಿ. ಗುಡ್ಡದ ಕಡೆ ಗರಸು ನೆಲ ಇದೆಯಲ್ಲ, ಅಲ್ಲಿ ಎರಡೂ ಕಟ್ಟಿ. ಆ ನೆಲಾನ ಮೊದಲಿನ ಥರ ಮಾಡಿಕೊಡೋ ಜವಾಬ್ದಾರಿ ನಂದು.”

“ಆತ್ರೀ,” ಅಂದರು ಅಂದಾನಿ. ಅವರ ಹಿಂದೆ ಡೋಜರ್ ಗುರುಗುಟ್ಟುವುದು ಕೇಳಿಸಿತು.

ಅಷ್ಟರಲ್ಲಿ ಮಳೆ ಶುರುವಾಯಿತು. ಸಾರ್ ಕೊಡೆ ಬಿಡಿಸಿಕೊಂಡು, ನನ್ನನ್ನು ಮಳೆಯಲ್ಲೇ ಬಿಟ್ಟು ಇಳಿದುಹೋದರು.

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ನನ್ನ ಕಾರ್ಡ್ ಕೆಲಸ ಮಾಡಲಿಲ್ಲ. ನಾಚಿಕೆಗೆಟ್ಟವಳ ಹಾಗೆ ಮೆಟ್ಟಿಲ ಮೇಲೇ ಕೂತೆ. ಸ್ವಲ್ಪ ಹೊತ್ತಿಗೆ ಸಾರ್ ಬಂದರು. ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು, ಚಪ್ಪಲಿ ಕೈಯಲ್ಲಿತ್ತು. ಅವರ ಮನೆಯೊಳಗೂ ನೀರು ಬಂದಿತ್ತೇ ಎಂದು ಕೇಳುವ ಅಗತ್ಯವಿರಲಿಲ್ಲ.

“ಬರಬೇಡ ಅಂದಿದ್ನಲ್ಲ,” ಅಂದರು. ಅವರ ದನಿಯಲ್ಲಿ ನಿನ್ನೆಯ ಬಿಸಿ ಇರಲಿಲ್ಲ.

“ಬಂದಿದೀನಿ ಸಾರ್. ಅಂದಾನಿ ಫೋನ್ ಮಾಡಿದ್ರು, ಗುಡ್ಡದ ದಾರಿ ರಾತ್ರಿಯೇ ಸಿದ್ಧವಾಗಿದೆ, ಲಾರಿ ಹತ್ತಿದೆ. ಅದನ್ನ ಮೊದಲಿನ ಥರ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಆ ಕೆಲಸ ಮುಗೀಲಿ, ಆಮೇಲೆ ನೀವೇನೂ ಹೇಳೋದು ಬೇಡ, ನಾನೇ ಹೋಗ್ತೀನಿ.”

ಅವರು ತಮ್ಮ ಕಾರ್ಡ್ ತೋರಿಸಿ ಬಾಗಿಲು ತೆರೆದು ಒಳಗೆ ಹೋದರು. ನನ್ನನ್ನು ಕರೆಯಲಿಲ್ಲ. ಬಾಗಿಲು ಮುಚ್ಚಿಕೊಳ್ಳುವ ಮೊದಲು ನಾನು ಕಾಲು ಅಡ್ಡ ಇಟ್ಟೆ.